ಹತ್ತರ ಪಕ್ಕದಲ್ಲಿ ನೂರಾ ಒಂದು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಆಟೋಟಕ್ಕೆ ಸ್ಪರ್ಧಿಗಳ ಪಟ್ಟಿ ಮಾಡುವ ಕೆಲಸವನ್ನು ನಾನೇ ಮೇಲೆ ಬಿದ್ದು ಕೇಳಿ ಪಡೆದಿದ್ದೆ. ನಲವತ್ತೆಂಟನೆಯ ವಯಸ್ಸಿನಲ್ಲಿ, ವಾಶಿಯ ಆಫೀಸಿಗೆ ಹೋಗಿಬರುವ ಲೋಕಲ್ ರೈಲಿನಲ್ಲಿ ಮೊಬೈಲ್ ನೋಡಿಕೊಂಡು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೆ. ಕಲಿತದ್ದನ್ನು ಎಲ್ಲಾದರೂ ಪ್ರಯೋಗಿಸದೆ ಕೈ ಸುಮ್ಮನಿರುತ್ತಿರಲಿಲ್ಲ. ಎಲ್ಲರ ವಯಸ್ಸನ್ನು ಒಂದು ಅರೇಯಲ್ಲಿ, ಅಂದರೆ ಪ್ರೋಗ್ರಾಮಿನೊಳಗಿನ ಪಟ್ಟಿಯಲ್ಲಿ, ತುಂಬಿ, ಚಿಕ್ಕವರು ಮೊದಲು ಬರಲೆಂದು ‘ಸಾರ್ಟ್’ ಎಂದು ಬರೆದು, ಬಂದದ್ದನ್ನು ಕಣ್ಣಾಡಿಸದೆಯೇ ಸೆಕ್ರೆಟರಿಯವರಿಗೆ ಕಳಿಸಿದೆ.

ಅವರು ಮೈಕಿನಲ್ಲಿ ಸಂಗೀತ ಕುರ್ಚಿಯ ಮೊದಲ ಗುಂಪನ್ನು ಕರೆದರು. ಹತ್ತು ವರ್ಷದ ಇಬ್ಬರು. ಆಮೇಲೆ ಮೂರನೆಯ ಮಹಡಿಯ ನೂರಾ ಒಂದು ವರ್ಷದ ಅಜ್ಜಿ. ಆಮೇಲೆ ಹನ್ನೊಂದರ ಮೂವರು. ಅಜ್ಜಿಯ ಹೆಸರನ್ನು ಅವರ ಸೊಸೆ ತಮಾಷೆಗೆ ಪಟ್ಟಿಗೆ ಕೊಟ್ಟಿದ್ದರು.

ನಾನು ಓಡಿಹೋಗಿ, “ತಪ್ಪಾಗಿದೆ ಅಜ್ಜಿ, ನೀವು ಬರೋದು ಬೇಡ” ಎಂದೆ.

“ತಪ್ಪೆಂತದ್ದು? ಹೆಸರು ಕರ್ದದ್ದು ನನ್ನದೇ ಅಲ್ವಾ?” ಎಂದು ಉಡುಪಿ ಕಡೆಯ ಆ ಅಜ್ಜಿ ಕೋಲೂರಿಕೊಂಡು ಬಂದು ಒಂದು ಕುರ್ಚಿಯಲ್ಲಿ ಕೂತರು. ಹಾಡು ಶುರುವಾದರೂ ಏಳಲಿಲ್ಲ. ಮಕ್ಕಳು ಅವರ ಸುತ್ತ ಓಡಿದರು, ಒಬ್ಬೊಬ್ಬರಾಗಿ ಔಟಾದರು. ಕೊನೆಗೆ ಉಳಿದದ್ದು ಒಂದೇ ಕುರ್ಚಿ, ಅದರಲ್ಲಿ ಅಜ್ಜಿ. ಚಪ್ಪಾಳೆಯೋ ಚಪ್ಪಾಳೆ.

ಕಾಲೇಜಿಗೆ ಹೋಗುವ ನನ್ನ ಮಗಳು ನಗುತ್ತಲೇ ಲ್ಯಾಪ್‌ಟಾಪಿಗೆ ಬಗ್ಗಿದಳು. “ಮಮ್ಮಿ, ಉಸ್‌ಕೋ ನಂಬರ್ ನಹೀಂ, ಅಕ್ಷರ್ ದಿಖ್ತಾ ಹೈ.” ಅಂದರೆ ನಾನು ಕಲಿತ ಪ್ರೋಗ್ರಾಮಿಂಗ್ ಭಾಷೆ ಸಂಖ್ಯೆಗಳನ್ನು ಪದಗಳಂತೆ ಓದಿ ನಿಘಂಟಿನ ಸಾಲಿನಲ್ಲಿ ಇಟ್ಟಿತ್ತು, ಮೊದಲ ಅಂಕೆಯನ್ನಷ್ಟೇ ನೋಡಿದರೆ 1 ಮೊದಲು, 6 ಆಮೇಲೆ, ಹಾಗಾಗಿ ಅದಕ್ಕೆ 6ಕ್ಕಿಂತ 101 ಮುಂದೆ. ಯಾವುದಾದರೂ ಎರಡನ್ನು ಹೋಲಿಸುವ ಬಗೆಯನ್ನು ನಾವು ಹೇಳಿಕೊಟ್ಟರೆ ಸಾಕು, ಇಡೀ ಸಾಲನ್ನು ಅದೇ ಕ್ರಮವಾಗಿ ಜೋಡಿಸುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆ, ಉತ್ತರ ಸೊನ್ನೆಗಿಂತ ಕಡಿಮೆಯಾದರೆ ಮೊದಲನೆಯದೇ ಮುಂದೆ ಎಂದು ಒಂದು ಸಾಲು ಬರೆದೆ. ಆರು, ಏಳು, ಹತ್ತು ಎಂದು ಎಲ್ಲರೂ ಜಾಗಕ್ಕೆ ಬಂದರು. ನನಗೆ ರೆಕ್ಕೆ ಬಂದಂತಾಯಿತು.

ನಿಂಬೆ-ಚಮಚದ ಓಟಕ್ಕೆ ಹೊಸ ಪಟ್ಟಿ ಹೋಯಿತು. ಅದರ ತುದಿಯ ಗುಂಪಿನಲ್ಲಿ ಅಜ್ಜಿ ಒಬ್ಬರೇ.

“ನನ್ನೊಟ್ಟಿಗೆ ಯಾರೂ ಇಲ್ವಾ ಮಾರಾಯ್ತಿ? ಮೊದಲಿನದ್ದೇ ಲಾಯ್ಕಿತ್ತು,” ಎಂದರು. ಮುಖ ಸಣ್ಣದಾಗಿತ್ತು.

ನಾನು ಮತ್ತೆ ಕೂತೆ. ನೂರು ದಾಟಿದವರನ್ನು ಹೋಲಿಸುವಾಗ ಹತ್ತೆಂದೇ ಎಣಿಸು ಎಂದು ಇನ್ನೊಂದು ಸಾಲು ಸೇರಿಸಿದೆ. ಅಜ್ಜಿ ಮಕ್ಕಳ ನಡುವೆ ಬಂದು ನಿಂತರು. ಸೀಟಿ ಊದಿದ ಕೂಡಲೇ ನಿಂಬೆಹಣ್ಣನ್ನು ಹೆಬ್ಬೆರಳಿನಲ್ಲಿ ಒತ್ತಿಹಿಡಿದು ಹೊರಟರು.

“ಆಜಿ ಚೀಟಿಂಗ್ ಕರ್ತೇಯ್,” ಎಂದು ಪಕ್ಕದ ಹುಡುಗಿ ಮರಾಠಿಯಲ್ಲಿ ದೂರಿದಳು. ಅಜ್ಜಿಗೆ ಅದು ಕೇಳಿಸಲೇ ಇಲ್ಲವಂತೆ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದೆ.