ಮೂವತ್ತೆಂಟು ವರ್ಷ ಬರೆದರೂ ಹೆಸರು ಹಾಕದ ಪರಮಣ್ಣ

ಶಹಾಪುರದಿಂದ ವನದುರ್ಗದವರೆಗೂ ಬಸ್ಸಿನಲ್ಲಿ ನನಗೊಂದೇ ಚಿಂತೆ. ಗೋಡೆ ಬರೆಯುವ ಪರಮಣ್ಣನವರನ್ನು 'ನಿಮಗೆಷ್ಟು ಮಕ್ಕಳು?' ಎಂದು ಕೇಳಲೇಬೇಕಂತೆ, ನಮ್ಮ ಪತ್ರಿಕೆಯ ಸಂಪಾದಕರ ಕಟ್ಟಪ್ಪಣೆ. ಕೇಳಿದರೆ ಅವರೂ ತಿರುಗಿ ಕೇಳುತ್ತಾರೆ: 'ನೀವೆಷ್ಟು ಮಂದಿ ಅಕ್ಕತಂಗೇರು?' ಅದಕ್ಕೆ ನಾನು ಇದುವರೆಗೆ ಯಾರಿಗೂ ನೆಟ್ಟಗೆ ಉತ್ತರ ಕೊಟ್ಟವಳಲ್ಲ.

ಬೆಳಗಿನ ಆರು ಗಂಟೆ. ಆರೋಗ್ಯ ಉಪಕೇಂದ್ರದ ಗೋಡೆಯ ಮುಂದೆ ಪರಮಣ್ಣ ಏಣಿ ಹತ್ತಿದ್ದಾರೆ. ನಿನ್ನೆ ಹಚ್ಚಿದ ಸುಣ್ಣದೊಳಗಿಂದ ಅವರದೇ ಹಳೆಯ ಬರಹ 'ಎರಡೇ ಸಾಕು' ಇಣುಕುತ್ತಿದೆ.

"ಎಷ್ಟು ಸುಣ್ಣ ಹಚ್ಚಿದ್ರೂ ಈ ಎರಡು ಹೋಗವಲ್ದು ನೋಡ್ರಿ" ಎನ್ನುತ್ತಾರೆ.

ಸರ್ಕಾರದ ಮನಸ್ಸು ಬದಲಾದಾಗಲೆಲ್ಲ ಈ ತಾಲ್ಲೂಕಿನ ಗೋಡೆಗಳಿಗೆ ಸುದ್ದಿ ಮುಟ್ಟಿಸುವುದು ಇವರ ಕುಂಚ. ದಿನಕ್ಕೆ ಮೂರು ಗೋಡೆ, ಮೂವತ್ತೆಂಟು ವರ್ಷ.

"ಮೊದಲು ಕೆಂಪು ತ್ರಿಕೋನ. ಎರಡು ಸಾಕಂದ್ರು. ಆಮ್ಯಾಲೆ ಒಂದಾದ್ರ ಇನ್ನೂ ಛಲೋ ಅಂದ್ರು. ಮುಂದ ಹೆಣ್ಣು ಹುಟ್ಟಿದ್ರ ಬಾಂಡ್ ಅಂದ್ರು. ಈಗ ಮನಿ ಯಜಮಾನಿ ಖಾತೆಕ್ಕ ರೊಕ್ಕ. ಹಡೀಬ್ಯಾಡ್ರಿ ಅನ್ನೋದ್ರಿಂದ ಹಿಡಿದು ಉಡಿ ತುಂಬೂತನಕ ಎಲ್ಲಾ ನಾನೇ ಬರ್ದೀನ್ರಿ."

ಆದರೆ ಬೇರೆ ಪೇಂಟರುಗಳಂತೆ ಅವರು ಎಲ್ಲೂ ಮೂಲೆಯಲ್ಲಿ ಹೆಸರು ಹಾಕಿಲ್ಲ. ಯಾಕೆಂದು ರೊಟ್ಟಿ ಗಂಟು ತಂದ ಹೆಂಡತಿ ಬಸ್ಸಮ್ಮ ಹೇಳುತ್ತಾರೆ: "ಹೆಂಗ ಹಾಕ್ತಾರ ತಂಗಿ? ಗ್ವಾಡಿ ಮ್ಯಾಲ ಎರಡು, ಮನ್ಯಾಗ ಆರು ಹೆಣ್ಣು. ಬಣ್ಣ ಆರೂದ್ರಾಗ ಇನ್ನೊಂದು ಹುಟ್ಟತಿತ್ತು."

"ನಾ ಒಬ್ಬನೇ ಹಡದೀನೇನು?" ಏಣಿಯ ಮೇಲಿಂದ ಉತ್ತರ ಬರುತ್ತದೆ.

ಕೇಳದೆಯೇ ನನ್ನ ಪ್ರಶ್ನೆ ಮುಗಿಯಿತು.

ಇದು ಅವರ ಕೊನೆಯ ಗೋಡೆ. ಬರುವ ತಿಂಗಳಿಂದ ಎಲ್ಲ ಕಡೆ ಫ್ಲೆಕ್ಸ್. ಇವತ್ತಿನ ಸಾಲು 'ಹೆಣ್ಣು ಮಗು ಮನೆಯ ಬೆಳಕು'. ಇದರ ಕೆಳಗಾದರೂ ಒಮ್ಮೆ ಹೆಸರು ಹಾಕಬೇಕೆಂಬುದು ಅವರ ಆಸೆ. ಸಾಲು ಮುಗಿಸಿ ಇಳಿದು, ಮೂಲೆಯಲ್ಲಿ ಸೀಮೆಸುಣ್ಣದಿಂದ 'ಪ' ಬರೆಯುತ್ತಾರೆ. ಅತ್ತಿತ್ತ ನೋಡಿ ಹೆಬ್ಬೆರಳಿನಿಂದ ಒರೆಸಿಬಿಡುತ್ತಾರೆ.

"ಬ್ಯಾಡ್ರಿ. ಹೆಸರು ನೋಡಿದ್ರ ಮಂದಿ ಮಕ್ಕಳನ್ನ ಎಣಸ್ತಾರ."

"ಎಣಸ್ಲಿ ಬಿಡು. ಬೆಳಕು ಆರು ಅದಾವಂತಾರ" ಎಂದ ಬಸ್ಸಮ್ಮ ನನ್ನತ್ತ ತಿರುಗುತ್ತಾರೆ. "ನೀವೆಷ್ಟು ಮಂದಿ ತಂಗಿ, ಅಕ್ಕತಂಗೇರು?"

ಬಂದೇಬಿಟ್ಟಿತು. ಕೆಳಗೆ ಬಿದ್ದಿದ್ದ ಸೀಮೆಸುಣ್ಣ ಎತ್ತಿ ಪರಮಣ್ಣನವರಿಗೆ ಕೊಡುತ್ತೇನೆ.

"ಐದು ಮಂದಿರಿ. ನಾನೇ ಐದನೇದಕಿ. ದೋರನಹಳ್ಳ್ಯಾಗ ನಮ್ಮ ಮನಿ ಗ್ವಾಡಿ ಮ್ಯಾಲೂ 'ಎರಡೇ ಸಾಕು' ಅಂತ ಇತ್ರಿ. ನಾ ಅಕ್ಷರ ಕಲ್ತದ್ದೇ ಅದನ್ನ ತಿದ್ದಿ. ಇಷ್ಟು ಚೆಂದ ಬರದವರು ಯಾರಂತ ಕೆಳಗ ಭಾಳ ಹುಡುಕೀನಿ, ಹೆಸರೇ ಇರಲಿಲ್ಲ. ಹಾಕ್ರಿ."