ಎರಡು ಗುಂಪುಗಳ ನಡುವೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿತ್ರದುರ್ಗದ ಪುಟ್ಟ ಪತ್ರಿಕೆಯೊಂದಕ್ಕೆ ವರದಿಗಾರನಾಗಿ ಸೇರಿದೆ. ಸಂಪಾದಕರ ಕುರ್ಚಿಯ ಹಿಂದಿನ ಗೋಡೆಗೆ ಭಾಷಾ ನಿಯಮಗಳ ಹಾಳೆ ಅಂಟಿಸಿತ್ತು. ಯಾವ ಪದ ಹೇಗೆ ಬರೆಯಬೇಕು, ಯಾವುದನ್ನು ಬರೆಯಲೇಬಾರದು, ಎಲ್ಲ ಅದರಲ್ಲಿ. ಸತ್ತವರಿಗೆ ಬಹುವಚನ, 'ಭೀಕರ' ನಿಷಿದ್ಧ. ಹಳ್ಳಿಯಲ್ಲಿ ಹೊಡೆದಾಟವಾದರೆ ಜಾತಿ ಹಾಕಬಾರದು, ಯಾರು ಯಾರಿಗೆ ಹೊಡೆದರೆಂದೂ ಹಾಕಬಾರದು. 'ಎರಡು ಗುಂಪುಗಳ ನಡುವೆ ಘರ್ಷಣೆ' ಅಷ್ಟೇ. ಹಿಂದೊಮ್ಮೆ ಜಾತಿಯ ಹೆಸರು ಅಚ್ಚಾಗಿ ಒಂದು ಕೇರಿಯೇ ಸುಟ್ಟುಹೋಗಿತ್ತಂತೆ. ಒಳ್ಳೆಯ ನಿಯಮವೇ ಎಂದು ನಾನೂ ತಲೆಯಾಡಿಸಿದ್ದೆ.

ಆಮೇಲೊಂದು ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಆ ಕುರಿಗಾಹಿಯನ್ನು ನೋಡಿದೆ. ಹರಿಯಬ್ಬೆ ಕಡೆಯವನು. ಶೇಂಗಾ ಹೊಲಕ್ಕೆ ಕುರಿ ನುಗ್ಗಿದವೆಂದು ಹೊಲದವರು ಅವನನ್ನು ಹುಣಸೆಮರಕ್ಕೆ ಕಟ್ಟಿ ಗಾಡಿಗೂಟದಲ್ಲಿ ಬಡಿದಿದ್ದರು. ಎಡಗೈ ಮುರಿದಿತ್ತು, ಮುಂದಿನ ಹಲ್ಲುಗಳಿರಲಿಲ್ಲ. ಅವನ ಕಣ್ಣೆದುರೇ ಗಬ್ಬದ ಕುರಿಯ ಕಾಲನ್ನು ಕೊಡಲಿಯಿಂದ ಕಡಿದರಂತೆ. ಕಚೇರಿಗೆ ಹೋದವನೇ 'ಮರಕ್ಕೆ ಕಟ್ಟಿ ಥಳಿತ' ಎಂದು ಬರೆದೆ. ಸಂಪಾದಕರು ಅದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿ ಗೋಡೆಯ ಸಾಲನ್ನೇ ತಂದು ಕೂರಿಸಿದರು.

"ಮರಕ್ಕೆ ಕಟ್ಟಿಸಿಕೊಂಡವನು ಅದ್ಯಾವ ಗುಂಪು ಸಾರ್?" ಎಂದು ಕೂಗಾಡಿದೆ.

"ಊರು ಉರಿದ್ರೆ ನೀನು ನೀರು ಹೊರ್ತೀಯೇನಯ್ಯ?" ಎಂದರು.

ಹೊಡೆದವರು ಭಾರಿ ಚಾಲಾಕಿಗಳು. ಅದೇ ಪತ್ರಿಕೆ ಹಿಡಿದು ಠಾಣೆಗೆ ಹೋಗಿ, ಅವನೂ ಗುಂಪು ಕಟ್ಟಿಕೊಂಡು ಬಂದಿದ್ದ ಎಂದು ಪ್ರತಿದೂರು ಕೊಟ್ಟರು. ರಾಜಿಯಾಗು, ಇಲ್ಲವಾದರೆ ನೀನೂ ಒಳಗೆ ಎಂದು ಪೊಲೀಸರು ಕುರಿಗಾಹಿಯನ್ನೇ ಬೆದರಿಸಿದರು. ಗಾಯದ ಮೇಲೆ ಬರೆ! ಕೈಗೆ ಪಟ್ಟಿ ಕಟ್ಟಿಕೊಂಡೇ ಅವನು ತಮ್ಮನ ಜೊತೆ ನಮ್ಮ ಕಚೇರಿಗೆ ಬಂದ.

"ಗುಂಪು ಅಂತ ಬರ್ದೀರಲ್ರಿ ಸ್ವಾಮಿ, ನನ್ ಕಡೆ ಯಾರಿದ್ರು? ಕುರಿ ಇದ್ವು, ಅಷ್ಟೆ. ಒಬ್ಬನ್ನೇ ಹಿಡ್ದು ಹೊಡದ್ರು ಅಂತ ಹಾಕ್ರಿ. ನನ್ ಕೇಸು ಗಟ್ಟಿ ನಿಂತ್ಕಂತೈತೆ."

"ಹಂಗೆ ಹಾಕಾಕೆ ನಿಯಮ ಇಲ್ಲಪ್ಪ," ಎಂದರು ಸಂಪಾದಕರು.

ತಮ್ಮ ಅಣ್ಣನ ಹೆಗಲು ಹಿಡಿದು ಬಾಗಿಲ ಕಡೆ ತಿರುಗಿಸಿದ. "ನಡಿಯಣ್ಣ, ಹೋಗಾಣ. ಪೇಪರ್‌ನೋರೇ ಗುಂಪೈತೆ ಅಂದ್ಮೇಲೆ ಇರ್ಲೇಬೇಕಲ್ಲ," ಎಂದ. ಗುಂಪು ಕಟ್ಟಬೇಡ ಎಂದು ಬಸ್ ನಿಲ್ದಾಣದವರೆಗೂ ಆ ತಮ್ಮನ ಹಿಂದೆ ಹೋಗಿ ಬೇಡಿಕೊಂಡೆ. ಅವನು ತಿರುಗಿಯೂ ನೋಡಲಿಲ್ಲ.

ವಾರದೊಳಗೆ ತಮ್ಮ ನೆಂಟರಿಷ್ಟರನ್ನು ಸೇರಿಸಿಕೊಂಡು, ಮಚ್ಚು ಕೊಡಲಿ ಹಿಡಿದು ಹೊಲದವರ ಮನೆಗೆ ನುಗ್ಗಿದ. ಅವರೂ ಕಾದೇ ಇದ್ದರು. ನಾನು ಹೋದಾಗ ಅಂಗಳದ ಸಗಣಿ ನೆಲದ ಮೇಲೆ ಯಾರದೋ ಬೆರಳುಗಳು ಬಿದ್ದಿದ್ದವು. ತಮ್ಮನ ಕುತ್ತಿಗೆ ಅರ್ಧ ಕಡಿದುಹೋಗಿತ್ತು. ಶವಾಗಾರದ ಮುಂದೆ ಅಣ್ಣ ಕುಕ್ಕರಗಾಲಲ್ಲಿ ಕುಳಿತಿದ್ದ. ನನ್ನನ್ನು ಕಂಡವನೇ, "ಇವತ್ತೇನು ಬರೀತೀರಿ?" ಎಂದು ಕೇಳಿದ.

ಕಚೇರಿಗೆ ಬಂದು ಬರೆದೆ: 'ಎರಡು ಗುಂಪುಗಳ ನಡುವೆ ಘರ್ಷಣೆ, ಒಬ್ಬರ ಸಾವು.' ಸಂಪಾದಕರು ಕೆಂಪು ಪೆನ್ನು ಹಿಡಿದು ಮತ್ತೆ ಮತ್ತೆ ಓದಿದರು. ತಿದ್ದಲು ಅವರಿಗೆ ಒಂದಕ್ಷರವೂ ಸಿಗಲಿಲ್ಲ.