ಇಬ್ಬರು ಬೇಕಾದ ಬಾಗಿಲು

ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ಬಾಗಿಲಕ್ಕ.

ದೇಶ ಕಟ್ಟಿದ ಹನ್ನೊಂದು ಮಂದಿ ಹಿರಿಯರು ನಲವತ್ತು ದಿನ ಕೂತು ಮೊದಲ ಕಾನೂನು ಬರೆದ ಮನೆ ಅದು. ಈಗ ಅದನ್ನು ಜನ ನೋಡಲು ಬರುತ್ತಿದ್ದರು. ಅಲ್ಲಿ ನೆಲ ಒರೆಸುತ್ತಾ, ಹಿರಿಯರ ಮೇಜಿನ ಧೂಳು ತೆಗೆಯುತ್ತಾ ಅವಳು ಮೂವತ್ತು ವರ್ಷ ಕಳೆದಿದ್ದಳು. ಅವಳಿಗಿಂತ ಮುಂಚೆ ಆ ಪೊರಕೆ ಹಿಡಿದವಳು ಅವಳ ಅತ್ತೆ. ಚಿಕ್ಕವಳಿದ್ದಾಗ ಆ ಹನ್ನೊಂದು ಮಂದಿಗೂ ನೀರು ತಂದುಕೊಟ್ಟವಳು.

ಒಳಕೋಣೆಯ ಬಾಗಿಲು ಆನೆಯಷ್ಟು ಭಾರ. ಕೀಲು ಸಡಿಲಾಗಿ ಅದು ಕೆಳಕ್ಕೆ ಜಗ್ಗಿತ್ತು. ಮುಚ್ಚಿದರೆ ಚಿಲಕ ತಾನಾಗಿ ಬಿದ್ದು ಕಚ್ಚಿಕೊಳ್ಳುತ್ತಿತ್ತು. ತೆಗೆಯಬೇಕಾದರೆ ಒಬ್ಬರು ಬಗ್ಗಿ, ಕೆಳಗಿನ ಕಬ್ಬಿಣದ ಬಳೆ ಹಿಡಿದು ಬಾಗಿಲನ್ನು ಬೆರಳಷ್ಟು ಎತ್ತಬೇಕು. ಅದೇ ಗಳಿಗೆಯಲ್ಲಿ ಇನ್ನೊಬ್ಬರು ಚಿಲಕ ಎಳೆಯಬೇಕು. ಒಳಗಿನಿಂದಲೂ ಹೊರಗಿನಿಂದಲೂ ಹೀಗೇ. ದಿನಾ ಬೆಳಿಗ್ಗೆ ತೋಟ ನೋಡಿಕೊಳ್ಳುವ ಮೈದುನ ಎತ್ತುತ್ತಿದ್ದ, ಇವಳು ಎಳೆಯುತ್ತಿದ್ದಳು. ಆಮೇಲೆ ಬಾಗಿಲ ಕೆಳಗೆ ಮರದ ಬೆಣೆಯೊಂದನ್ನು ಕೊಟ್ಟರೆ ಸಂಜೆಯವರೆಗೂ ಬಾಗಿಲು ತೆರೆದೇ ಇರುತ್ತಿತ್ತು.

"ಅಷ್ಟು ದೊಡ್ಡೋರು, ಒಂದು ಬಾಗ್ಲು ರಿಪೇರಿ ಮಾಡಿಸ್ಲಿಲ್ವಾ ಅತ್ತೆ?" ಎಂದು ಸೊಸೆಯಾಗಿ ಬಂದ ಹೊಸದರಲ್ಲಿ ಕೇಳಿದ್ದಳು.

"ಬಡಗಿ ಬಂದಿದ್ದ ಕಣೇ, ಅವರೇ ವಾಪಸ್ ಕಳಿಸಿದ್ರು. ದಿನಕ್ಕೆ ನಾಲ್ಕು ಜಗಳ ಅಲ್ಲಿ. ಒಬ್ಬ 'ನಿಮ್ಮ ಸಹವಾಸ ಸಾಕು' ಅಂತ ಎದ್ದು ಬಾಗ್ಲ ಹತ್ರ ಬರೋನು. ಎತ್ತೋಕೆ ಯಾರಾದ್ರೂ ಬೇಕಲ್ಲ? ಜಗಳ ಆಡಿದವನನ್ನೇ 'ಸ್ವಲ್ಪ ಎತ್ತಯ್ಯಾ' ಅಂತ ಕರೆಯೋ ಹೊತ್ತಿಗೆ ಅರ್ಧ ಕೋಪ ಇಳೀತಿತ್ತು. ಇಬ್ಬರೂ ಏದುಸಿರು ಬಿಡೋ ಹೊತ್ತಿಗೆ ಇನ್ನರ್ಧ. ಸೊಂಟ ಬಗ್ಗಿದ್ದಕ್ಕೆ ದೇಶ ಉಳೀತು ಅನ್ಕೋ."

ಹೊಸ ಮೇನೇಜರಿಗೆ ಈ ಕತೆ ಗೊತ್ತಿರಲಿಲ್ಲ. ಅವರು ಬರುವ ಹೊತ್ತಿಗೆ ಬಾಗಿಲು ತೆರೆದಿರುತ್ತಿತ್ತು. ಅವರು ತಂದದ್ದು ಹೊಸ ಯೋಜನೆ. ಕಚೇರಿಗಳ ಅಧಿಕಾರಿಗಳನ್ನು ಕರೆಸಿ, ಹಿರಿಯರ ಮೇಜಿನ ಮುಂದೆ ಕೂರಿಸಿ, ಒಬ್ಬ ಉಪನ್ಯಾಸಕರಿಂದ ನಾಯಕತ್ವದ ಪಾಠ ಹೇಳಿಸುವುದು.

"ಒಂದು ಬಾಗಿಲು ತೆಗೆಯೋಕೆ ಇಬ್ಬರು ಆಳಾ? ಸೋಮವಾರ ಬಡಗಿ ಬರ್ತಾನೆ, ಹೊಸ ಬಾಗಿಲು ಹಾಕ್ತಾನೆ. ನೀವು ಊರಾಚೆ ಗೋದಾಮಿಗೆ ಹೋಗಿ, ಅಮ್ಮ," ಎಂದರು.

ನಿವೃತ್ತಿಗೆ ಇನ್ನು ನಾಲ್ಕು ವರ್ಷವಿತ್ತು. ಗೋದಾಮಿನಲ್ಲಿ ಇದ್ದದ್ದು ಮುರಿದ ಕುರ್ಚಿ, ಒಡೆದ ಗಾಜು. ಬಾಗಿಲಕ್ಕನ ಜೀವವಿದ್ದದ್ದು ಕಿವಿಯಲ್ಲಿ. ಮಾತಾಡುವ ಒಂದು ನರಪಿಳ್ಳೆಯೂ ಇಲ್ಲದ ಕಡೆ ನಾಲ್ಕು ವರ್ಷ ಹೇಗೆ ಕಳೆಯುವುದು? ಅವಳು ಮೇಜು ಒರೆಸುತ್ತಾ ಮೆಲ್ಲಗೆ, "ನೀನೇ ನೋಡ್ಕೋ ತಂದೆ. ಕೈ ಬೇಕಾದ್ರೆ ನನ್ನ ಕೈ ತಗೋ," ಎಂದು ದೇವರ ಮೇಲೆ ಭಾರ ಹಾಕಿದಳು.

ಶುಕ್ರವಾರ ಏಳು ಮಂದಿ ಅಧಿಕಾರಿಗಳು ಬಂದರು. ಅವರ ಡ್ರೈವರು ಗೇಟಿನಲ್ಲಿ ಚಹಾ ಹೀರುತ್ತಾ ಬಾಗಿಲಕ್ಕನ ಮುಂದೆ ಹೊಟ್ಟೆಯೊಳಗಿನದೆಲ್ಲ ಹರವಿದ. "ನಮ್ಮ ದೊಡ್ಡ ಸಾಹೇಬ್ರಿಗೂ ಅವರ ಕೆಳಗಿನ ಮೇಡಮ್ಮಿಗೂ ಎಣ್ಣೆ ಸೀಗೆಕಾಯಿ, ಅಕ್ಕಾ. ಒಂದೇ ಕೋಣೆ, ಒಂದೇ ಕಿಟಕಿ. ಇವರು ತೆಗೀತಾರೆ, ಅವರು ಮುಚ್ತಾರೆ. ಮೂರು ತಿಂಗಳಿಂದ ಮಾತಿಲ್ಲ. ಪಕ್ಕದಲ್ಲೇ ಕೂತಿದ್ರೂ 'ಅವರಿಗೆ ಹೇಳಿ' ಅಂತ ನಮ್ಮ ಕೈಲಿ ಹೇಳಿಸ್ತಾರೆ."

"ಅಯ್ಯೋ ಪಾಪ," ಎಂದು ಬಾಗಿಲಕ್ಕ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಒಳಕೋಣೆಯಲ್ಲಿ ಉಪನ್ಯಾಸಕರು ಕೈ ಬೀಸಿ, "ನಾಯಕ ಎಂದರೆ ಒಂಟಿ ಸಿಂಹ!" ಎನ್ನುತ್ತಿದ್ದರು. ಮೇನೇಜರು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಧಡ್ ಎಂದು ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಒಂಟಿ ಸಿಂಹ ಬಂದು ಚಿಲಕ ಜಗ್ಗಿತು. ಭುಜ ಕೊಟ್ಟು ನೂಕಿತು. ಆಮೇಲೆ ಭುಜ ತಿಕ್ಕಿಕೊಂಡಿತು.

"ಯಾರಿದೀರಿ ಹೊರಗೆ? ತೋಟದವನನ್ನ ಕರೀರಿ!" ಮೇನೇಜರ ಕೂಗು.

"ಮೈದುನ ತೋಟದ ಆ ಕೊನೇಲಿದಾನೆ ಸಾರ್, ಪಂಪಿನ ಸದ್ದಿಗೆ ಕೇಳ್ಸೋಲ್ಲ. ಒಳಗಿನಿಂದ್ಲೇ ಇಬ್ಬರು ಸೇರಿದ್ರೆ ಸಾಕು," ಎಂದು ಬಾಗಿಲಕ್ಕ ವಿಧಾನ ವಿವರಿಸಿದಳು. ಒಳಗಿದ್ದ ಯಾವ ಇಬ್ಬರಾದರೂ ಆಗುತ್ತಿತ್ತು. ಅವಳು ಮಾತ್ರ ಒಂದು ಚಿಟಿಕೆ ಉಪ್ಪು ಸೇರಿಸಿದಳು: "ಎತ್ತೋರು ಎಲ್ಲರಿಗಿಂತ ದೊಡ್ಡ ಹುದ್ದೆಯೋರು, ಎಳೆಯೋರು ಅವರ ಕೆಳಗಿನೋರು. ಹಿರಿಯರ ಕಾಲದ ಪದ್ಧತಿ. ತಪ್ಪಿದ್ರೆ ಕೀಲು ಕಿತ್ತು ಬಾಗ್ಲು ಮೈಮೇಲೇ ಬೀಳುತ್ತೆ."

ಒಳಗೆ ಮೊಣಕಾಲಿನ ಲಟಕ್ ಸದ್ದು. ದೊಡ್ಡ ಸಾಹೇಬರು ಬಗ್ಗಿದ್ದರು.

"ಎತ್ತಿದೀನಿ ಅಂತ ಅವರಿಗೆ ಹೇಳಿ!"

"ಮೇಡಂ, ಎತ್ತಿದಾರಂತೆ," ಎಂದರು ಉಪನ್ಯಾಸಕರು. ಅಷ್ಟು ಹೊತ್ತಿಗೆ ಬಾಗಿಲು ಕೆಳಗೆ ಕೂತಿತ್ತು.

"ಇನ್ನೊಂದು ಸಲ ಎತ್ತೋಕೆ ಹೇಳಿ ಅವರಿಗೆ."

ಹೀಗೇ ನಾಲ್ಕು ಸಲ. ಐದನೆಯ ಸಲ ಸಾಹೇಬರ ತಾಳ್ಮೆ, ಸೊಂಟ ಎರಡೂ ಮುಗಿದವು. "ಎಳೀರಿ ಮೇಡಂ! ಈಗ! ಬೆನ್ನು ಹೋಯ್ತು!"

"ಸ್ವಲ್ಪ ತಡೀರಿ ಸಾರ್... ಇನ್ನೊಂಚೂರು ಮೇಲೆ... ಹಾಂ, ಬಂತು!"

ಬಾಗಿಲು ತೆರೆದಾಗ ಸಾಹೇಬರು ನೆಲದ ಮೇಲೆ ಕೂತಿದ್ದರು, ಮೇಡಂ ಕೈ ಕೊಟ್ಟು ಎಬ್ಬಿಸುತ್ತಿದ್ದರು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

"ಇದನ್ನ ಯಾಕಮ್ಮ ರಿಪೇರಿ ಮಾಡಿಸಿಲ್ಲ?" ಎಂದು ಸಾಹೇಬರು ಕೇಳಿದರು. ಬಾಗಿಲಕ್ಕ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಅತ್ತೆಯ ಕತೆ ಹೇಳಿದಳು. ಏಳು ಜನವೂ ಸುತ್ತ ನಿಂತು ಕೇಳಿದರು. ಸಾಹೇಬರು ಸೊಂಟ ನೀವಿಕೊಳ್ಳುತ್ತಾ, "ಬರೋ ತಿಂಗಳು ಇನ್ನೂ ನಲವತ್ತು ಮಂದೀನ ಕಳಿಸ್ತೀನಿ ಮೇನೇಜರೇ. ಈ ಬಾಗ್ಲೂ ಇರ್ಬೇಕು, ಈ ಅಕ್ಕನೂ ಇರ್ಬೇಕು," ಎಂದರು.

"ನಾನೂ ಅದನ್ನೇ ಹೇಳ್ತಿದ್ದೆ ಸಾರ್," ಎಂದರು ಮೇನೇಜರು, ಕಣ್ಣು ಮಿಟುಕಿಸದೆ.

ಸೋಮವಾರ ಹೊಸ ಬಾಗಿಲು ಹೊತ್ತು ಬಂದ ಬಡಗಿಯನ್ನು ಅವರು "ಯಾರಯ್ಯ ನಿನ್ನ ಕರೆದಿದ್ದು?" ಎಂದು ಗದರಿ ಕಳಿಸಿದರು.

ಮರುದಿನ ಬೆಳಿಗ್ಗೆ ಮೈದುನ ಬಾಗಿಲು ಎತ್ತಿದ, ಬಾಗಿಲಕ್ಕ ಎಳೆದಳು. ಬೆಣೆಯನ್ನು ಬಾಗಿಲ ಕೆಳಗೆ ಕೊಡುತ್ತಾ ಅವನು ತಲೆ ಕೆರೆದುಕೊಂಡ. "ಅತ್ತಿಗೆ, ಈ ಬೆಣೆ ಇಷ್ಟು ಬಿಗಿಯಾಗಿ ಕೂರುತ್ತೆ. ಅವತ್ತು ಅದು ಹೆಂಗೆ ಜಾರ್ತು?"

"ದೇವರಿಗೆ ಕೈ ಬೇಕಾದ್ರೆ ನನ್ನ ಕೈ ತಗೋ ಅಂದಿದ್ದೆ ಕಣಪ್ಪ," ಎಂದಳು ಬಾಗಿಲಕ್ಕ, ಬಕೆಟ್ಟಿನಲ್ಲಿ ಬಟ್ಟೆ ಅದ್ದುತ್ತಾ. "ಅವನಿಗೆ ಕಾಲೇ ಸಾಕಾಯ್ತು."